ಚುಕ್ಕೆ ಮೇಷ್ಟ್ರು

ತಮಟೆ ಸಾರಿದ್ದು ಜೂನ್ ತಿಂಗಳ ಒಂದು ಸೋಮವಾರ, ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ. ಹೊರಗಿನವರಿಗೆ ಮನೆ ಬಾಡಿಗೆಗೆ ಕೊಟ್ಟವರು, ಇಲ್ಲವೇ ಒಂದು ರಾತ್ರಿಯಾದರೂ ಉಳಿಸಿಕೊಂಡವರು, ಮೂರು ದಿನದೊಳಗೆ ಅವರ ಹೆಸರು, ಊರು, ಕೆಲಸ ಬರೆದು ಠಾಣೆಗೆ ಕೊಡಬೇಕು, ತಪ್ಪಿದರೆ ಕೇಸು ಎಂದು ಕೂಗಿ ತಮಟೆಯವನು ಮುಂದಿನ ಬೀದಿಗೆ ಹೋದ. ತಮಿಳುನಾಡಿನ ಚುನಾವಣಾ ಸಭೆಯಲ್ಲಿ ಬಾಂಬು ಸಿಡಿದು ಆಗ ಇಪ್ಪತ್ತು ದಿನವಾಗಿತ್ತು. ಅದಕ್ಕೆ ಸಂಬಂಧಪಟ್ಟವರು ಬೆಂಗಳೂರಿನ ಸುತ್ತಮುತ್ತ ಅಡಗಿರಬಹುದೆಂದು ಪೇಪರಿನಲ್ಲಿ ದಿನಾ ಬರುತ್ತಿತ್ತು. ಅನುಗೊಂಡನಹಳ್ಳಿ ಹೋಬಳಿಯ ಈ ಸಣ್ಣ ಊರಿನವರು ಅಲ್ಲಿಯವರೆಗೆ ಪೊಲೀಸರನ್ನು ಕಂಡಿದ್ದು ಬದುವಿನ ಜಗಳಕ್ಕೆ ಮತ್ತು ಕೋಳಿ ಪಂದ್ಯಕ್ಕೆ, ಅಷ್ಟೆ.

"ನಮ್ಮ ಮನೇಲಿ ಯಾರಿದಾರೆ ಬರ್ಕೊಡಕ್ಕೆ?" ಎಂದಳು ಸಪ್ಪಲಮ್ಮ, ಹಸುವಿನ ಕೆಚ್ಚಲಿಗೆ ನೀರು ಚಿಮುಕಿಸುತ್ತಾ.

"ಶನಿವಾರ ಶನಿವಾರ ಉಳ್ಕೊತಾರಲ್ಲ ಅತ್ತೆ, ಆನಂದ್ ಸಾರು" ಎಂದಳು ಸೊಸೆ ಮುನಿರತ್ನಮ್ಮ.

"ಅವನು ಬಾಡಿಗೆಯೋನಾ? ನೆಂಟ ಕಣೆ. ನೆಂಟನ ಹೆಸರು ಯಾರಾದ್ರೂ ಪೊಲೀಸ್ರಿಗೆ ಬರ್ಕೊಡ್ತಾರಾ? ನಾಳೆ ನಿಮ್ಮಣ್ಣ ಬಂದ್ರೆ ಅವನ ಹೆಸರೂ ಬರ್ಕೊಡ್ತೀಯಾ?"

ಮುನಿರತ್ನಮ್ಮ ಹಾಲಿನ ಚೆಂಬನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆಗೆ ಆಕೆ ಎದುರಾಡುತ್ತಿದ್ದುದೇ ಕಡಿಮೆ.

ಆನಂದ್ ಬೆಂಗಳೂರಿನಲ್ಲಿ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದವನು. ಜನವರಿಯಲ್ಲಿ ಅವನೂ ಅವನ ಮೂವರು ಗೆಳೆಯರೂ ಊರಿನ ಹೈಸ್ಕೂಲಿಗೆ ಬಂದಿದ್ದರು. ಗೋಡೆಗೆ ಬಿಳಿ ಪಂಚೆ ಕಟ್ಟಿ ಉಪಗ್ರಹಗಳ ಚಿತ್ರ ತೋರಿಸಿದರು, ರಾಕೆಟ್ಟು ಯಾಕೆ ಮೇಲಕ್ಕೆ ಹೋಗುತ್ತದೆಂದು ಬಲೂನು ಬಿಟ್ಟು ತೋರಿಸಿದರು. ಉಳಿದ ಮೂವರು ಎರಡು ಸಲ ಬಂದು ಸುಸ್ತಾದರು. ಆನಂದ್ ಮಾತ್ರ ಬಿಡಲಿಲ್ಲ. ಶನಿವಾರ ಸಂಜೆ ಬಂದು, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಪಾಠ ಮಾಡಿ, ಮಧ್ಯಾಹ್ನದ ಬಸ್ಸಿಗೆ ಕೆ.ಜಿ.ಎಫ್.ನ ತನ್ನ ಮನೆಗೆ ಹೋಗುತ್ತಿದ್ದ. ಅವನ ಹತ್ತಿರ ಸೊಂಟದುದ್ದದ ಒಂದು ದುರ್ಬೀನಿತ್ತು. ಅದನ್ನು ಸೂರ್ಯನ ಕಡೆ ತಿರುಗಿಸಿ, ಹಿಂದೆ ಬಿಳಿ ಹಾಳೆ ಹಿಡಿದರೆ ಹಾಳೆಯ ಮೇಲೆ ಸೂರ್ಯ ಬೀಳುತ್ತಿದ್ದ. ಅದರಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಆ ವರ್ಷ ಸೂರ್ಯನ ಮೈಮೇಲೆ ಚುಕ್ಕೆಗಳ ಸುಗ್ಗಿ ಎಂದು ಆನಂದ್ ಹೇಳಿದ್ದ. ಊರಿನವರು ಅವನಿಗೆ ಚುಕ್ಕೆ ಮೇಷ್ಟ್ರು ಎಂದೇ ಹೆಸರಿಟ್ಟರು.

ಅವನನ್ನು ಮನೆಗೆ ಕರೆತಂದವನು ಸಪ್ಪಲಮ್ಮನ ಮಗ ಗೋವಿಂದರಾಜುವೇ. ಪಿಲ್ಲಗುಂಪೆಯ ಹೊಸ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಅವನಿಗೆ ಓದಿದವರೆಂದರೆ ಬಹಳ ಗೌರವ. ಮಗಳು ಆಶಾರಾಣಿ ಒಂಬತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೊದಲಿನವಳು. "ಸ್ಕೂಲಿನ ಬೆಂಚಿನ ಮೇಲೆ ಯಾಕೆ ಮಲಗ್ತೀರಾ ಸಾರ್, ನಮ್ಮ ಪಡಸಾಲೆ ಇಲ್ವಾ?" ಎಂದು ಫೆಬ್ರವರಿಯಲ್ಲಿ ಅವನ ಚೀಲ ಕಸಿದುಕೊಂಡು ಬಂದಿದ್ದ. ಸಪ್ಪಲಮ್ಮನಿಗೆ ಇನ್ನೂ ಹೆಚ್ಚಿನ ಖುಷಿ. ಅವಳ ತವರು ಗಡಿಯಾಚೆ ಬಾಗಲೂರಿನ ಹತ್ತಿರ. ಮದುವೆಯಾಗಿ ಬಂದು ನಲವತ್ತೈದು ವರ್ಷದ ಮೇಲೆ ಮನೆಯಲ್ಲಿ ತಮಿಳು ಮಾತಾಡಲು ಒಬ್ಬ ಸಿಕ್ಕಿದ್ದ. ಅವನನ್ನು ತಂಬಿ ಎಂದೇ ಕರೆಯುತ್ತಿದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ಹರಟಲು ಶುರು ಮಾಡಿದರೆ ಮುನಿರತ್ನಮ್ಮ ಎರಡು ಸಲ ಸಾರು ಬಿಸಿ ಮಾಡಬೇಕಾಗುತ್ತಿತ್ತು.

ತಮಟೆ ಸಾರಿದ ರಾತ್ರಿ ಊಟಕ್ಕೆ ಕೂತಾಗ ಗೋವಿಂದರಾಜು ಈ ವಿಷಯ ಎತ್ತಿದ.

"ಒಂದು ಚೀಟಿ ಬರ್ದು ಕೊಟ್ಬಿಡ್ತೀನಿ. ನಮಗ್ಯಾಕೆ?"

"ಕೊಡು, ಕೊಡು. ಉಂಡು ಹೋಗೋ ಹುಡುಗನ್ನ ಕಳ್ಳನ ಪಟ್ಟಿಗೆ ಸೇರ್ಸು. ನಿಮ್ಮಪ್ಪ ಇದ್ದಿದ್ರೆ ಇಂಥ ಮಾತು ಆಡ್ತಿದ್ರಾ?"

"ಅವ್ರಿಗೇನೂ ಆಗಲ್ಲ ಅಜ್ಜಿ, ಅವ್ರ ಹತ್ರ ಯೂನಿವರ್ಸಿಟಿ ಕಾರ್ಡ್ ಇದೆ" ಎಂದಳು ಆಶಾರಾಣಿ.

"ನಿನ್ನ ತಟ್ಟೆ ನೋಡ್ಕೊಂಡು ಉಣ್ಣು" ಎಂದಳು ಸಪ್ಪಲಮ್ಮ.

ಗೋವಿಂದರಾಜು ಚೀಟಿ ಬರೆಯಲಿಲ್ಲ. ಮೊದಲ ದಿನ ತಾಯಿಗೆ ಹೆದರಿದ, ಎರಡನೆಯ ದಿನ ಓವರ್‌ಟೈಮ್ ಇತ್ತು, ಮೂರನೆಯ ದಿನ ಮರೆತ. ನಾಲ್ಕನೆಯ ದಿನ ಗಡುವು ದಾಟಿದೆ, ಈಗ ಕೊಟ್ಟರೆ ಇಷ್ಟು ದಿನ ಯಾಕೆ ಕೊಡಲಿಲ್ಲ ಎನ್ನುತ್ತಾರೆ ಎಂದು ಹೆದರಿದ.

ಆನಂದ್ ಜೂನ್ ಹದಿನೈದರ ಶನಿವಾರ ಬಂದ. ಇಪ್ಪತ್ತೆರಡರ ಶನಿವಾರವೂ ಬಂದ. ಮನೆಯಲ್ಲಿ ಯಾರೂ ಅವನಿಗೆ ತಮಟೆಯ ವಿಷಯ ಹೇಳಲಿಲ್ಲ. ನೆಂಟನಿಗೆ ಅದನ್ನು ಹೇಳುವುದೆಂದರೆ ಎದ್ದು ಹೋಗು ಎಂದ ಹಾಗೆ. ಇಪ್ಪತ್ತೆರಡರ ಸಂಜೆ ಮೋಡ ಸ್ವಲ್ಪ ಬಿಟ್ಟಿತ್ತು. ಐದೂವರೆಗೆ ಆಶಾರಾಣಿ ಹಾಳೆಯ ಮೇಲೆ ಬಳೆಯಿಟ್ಟು ವೃತ್ತ ಎಳೆದು, ಚುಕ್ಕೆಗಳನ್ನು ಗುರುತು ಮಾಡಿದಳು. ಐದು ತಿಂಗಳಿಂದ ಅವಳದು ಇದೇ ಕೆಲಸ. ಒಂದು ದಿನಕ್ಕೆ ಒಂದು ಪುಟ, ಒಂದು ವೃತ್ತ, ತಾರೀಕು, ಹೊತ್ತು. ಮೋಡವಿದ್ದ ದಿನ 'ಮೋಡ' ಎಂದು ಮಾತ್ರ. ವಾರದ ದಿನಗಳಿಗೆಂದು ಆನಂದ್ ಅವಳಿಗೆ ರಟ್ಟು ಮತ್ತು ಹಳೆಯ ಕನ್ನಡಕದ ಗಾಜಿನಲ್ಲಿ ಒಂದು ಸಣ್ಣ ಕೊಳವೆ ಮಾಡಿಕೊಟ್ಟಿದ್ದ.

"ಇದಕ್ಕೆ ಕಣ್ಣಿಟ್ಟು ಸೂರ್ಯನ್ನ ನೋಡ್ಬಾರ್ದು, ಗೊತ್ತಲ್ಲ? ಹಾಳೆ ಮೇಲೆ ಮಾತ್ರ" ಎಂದು ಪ್ರತಿಸಲ ಹೇಳುತ್ತಿದ್ದ.

"ಗೊತ್ತು ಆನಂದಣ್ಣ. ಚುಕ್ಕೆಗಳು ಈ ಕಡೆಯಿಂದ ಆ ಕಡೆಗೆ ಹೋಗಕ್ಕೆ ಹದಿಮೂರು ದಿನ ಆಗುತ್ತೆ. ಅಂದ್ರೆ ಸೂರ್ಯ ಒಂದು ಸುತ್ತು ಸುತ್ತಕ್ಕೆ ಇಪ್ಪತ್ತಾರು, ಇಪ್ಪತ್ತೇಳು ದಿನ ಅಲ್ವಾ?"

"ನಾನು ಹೇಳಿಕೊಟ್ಟೆನಾ ಅದನ್ನ?"

"ಇಲ್ಲ. ಪುಸ್ತಕ ತಿರುವಿ ತಿರುವಿ ಲೆಕ್ಕ ಹಾಕ್ದೆ."

ಆನಂದ್ ಅವಳ ಪುಟದ ಕೆಳಗೆ ಸಹಿ ಮಾಡಿದ. ಆಗಸ್ಟಿನಲ್ಲಿ ಯೂನಿವರ್ಸಿಟಿಯಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಈ ಪುಸ್ತಕ ತೆಗೆದುಕೊಂಡು ಹೋಗೋಣ ಎಂದ. ಗೋವಿಂದರಾಜು ಅದನ್ನು ಕೇಳಿ ಹಿಗ್ಗಿದ. ರಾತ್ರಿ ಹುರುಳಿಕಾಳಿನ ಬಸ್ಸಾರು. ಮಾರನೆಯ ಬೆಳಿಗ್ಗೆ ಏಳಕ್ಕೆ ಇನ್ನೊಂದು ವೃತ್ತ, ಇನ್ನೊಂದು ಸಹಿ. ಎಂಟಕ್ಕೆ ಶಾಲೆಯಲ್ಲಿ ಪಾಠ, ಮಧ್ಯಾಹ್ನ ಬಸ್ಸು.

ಸೋಮವಾರ ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಹೋಗುವ ಬಸ್ಸನ್ನು ಹೆದ್ದಾರಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದ ಪೊಲೀಸರು ದುರ್ಬೀನಿನ ಚೀಲ ತೆರೆಸಿ ನೋಡಿ ಆನಂದನನ್ನು ಕೆಳಗಿಳಿಸಿಕೊಂಡರು. ಶನಿವಾರ ರಾತ್ರಿ ಹೆದ್ದಾರಿ ಪಕ್ಕದ ಒಂದು ಬಾಡಿಗೆ ಮನೆಯಿಂದ ನಾಲ್ಕು ಜನ ಅಪರಿಚಿತರು ಸಾಮಾನು ಸಮೇತ ಓಡಿಹೋಗಿದ್ದರಂತೆ. ಶನಿವಾರ ರಾತ್ರಿ ನೀನೆಲ್ಲಿದ್ದೆ ಎಂದು ಕೇಳಿದರು. ಇಂಥ ಊರಿನ ಗೋವಿಂದರಾಜು ಅವರ ಮನೆಯಲ್ಲಿ ಎಂದು ಅವನು ಹೇಳಿದ.

ಇದೆಲ್ಲ ಈ ಮನೆಯವರಿಗೆ ತಿಳಿದದ್ದು ಮಂಗಳವಾರ ಸಂಜೆ, ಜೀಪು ಬಾಗಿಲಿಗೆ ಬಂದು ನಿಂತ ಮೇಲೆ. ಸಬ್‌ಇನ್ಸ್‌ಪೆಕ್ಟರು ಜಗಲಿಯ ಮೇಲೆ ಬೂಟುಗಾಲಿಟ್ಟು, "ಆನಂದ್ ಅನ್ನೋನು ಗೊತ್ತಾ?" ಎಂದ.

"ಗೊತ್ತು ಸ್ವಾಮಿ. ಸ್ಕೂಲಿಗೆ ಪಾಠ ಮಾಡಕ್ಕೆ ಬರ್ತಾರೆ" ಎಂದ ಗೋವಿಂದರಾಜು.

"ಶನಿವಾರ ನಿಮ್ಮ ಮನೇಲಿ ಉಳ್ಕೊಂಡಿದ್ನಾ?"

ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಗೋವಿಂದರಾಜುವಿನ ಕೆಲಸ ಖಾಯಂ ಆಗಲು ಇನ್ನು ಎರಡು ತಿಂಗಳು. ಪೊಲೀಸ್ ಕೇಸಿದ್ದವರನ್ನು ಕಾರ್ಖಾನೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಬರೆದುಕೊಡದ ಆ ಚೀಟಿಯೇ ಅವನ ಕಣ್ಣ ಮುಂದೆ ಬಂತು.

"ಇಲ್ಲ ಸ್ವಾಮಿ" ಎಂದ.

"ಯಾವತ್ತೂ ಉಳ್ಕೊಂಡಿಲ್ವಾ?"

"ಯಾವತ್ತೂ ಇಲ್ಲ. ಬಂದಾಗ ನೀರು ಕೊಟ್ಟಿದೀವಿ, ಅಷ್ಟೆ."

ಬಾಗಿಲ ಹಿಂದೆ ನಿಂತಿದ್ದ ಮುನಿರತ್ನಮ್ಮ ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜೀಪು ಹೋಯಿತು. ಗೋವಿಂದರಾಜು ಒಳಗೆ ಬಂದು ಒಂದು ಚೆಂಬು ನೀರು ಕುಡಿದು, ಇನ್ನೊಂದು ಚೆಂಬು ಕುಡಿದ.

"ಅಪ್ಪ, ಸುಳ್ಳು ಹೇಳ್ಬಿಟ್ರಲ್ಲ!"

"ಬಾಯ್ಮುಚ್ಚು. ನಿನ್ನ ಆ ಪುಸ್ತಕ ಎಲ್ಲಿದೆ, ತಗೊಂಡು ಬಾ."

ಅವನು ಪುಸ್ತಕವನ್ನು ತಿರುವಿ ನೋಡಿದ. ಮೊನ್ನೆಯವರೆಗೆ ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದ ಪುಸ್ತಕ. ವೃತ್ತಗಳು, ಚುಕ್ಕೆಗಳು, ತಾರೀಕು, ಹೊತ್ತು. 'ಗುಂಪು 4, ಒಟ್ಟು 23.' 'ಗುಂಪು 3, ಒಟ್ಟು 17.'

"ಇದೇನಿದು ಗುಂಪು?"

"ಚುಕ್ಕೆಗಳ ಗುಂಪು."

"ಯಾವ ಗುಂಪು, ಎಷ್ಟು ಜನ, ಎಲ್ಲವ್ರೆ ಅಂತ ಕೇಳಿದ್ರೆ ಏನಮ್ಮ ಹೇಳ್ತೀಯ? ಕೆಳಗೆ ಅವನ ಸಹಿ ಬೇರೆ!"

ಆ ರಾತ್ರಿ ಮುದ್ದೆ ಹಾಗೇ ಉಳಿಯಿತು. ಸಪ್ಪಲಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲ ಒಲೆ ಹಚ್ಚಿದಳು. ಆಶಾರಾಣಿ ಸ್ನಾನಕ್ಕೆಂದು ಹೋದಾಗ ಒಲೆಯ ಬಾಯಲ್ಲಿ ಅರ್ಧ ಸುಟ್ಟ ಒಂದು ವೃತ್ತ ಕಂಡಿತು. ಕೈ ಹಾಕಲು ಹೋದಳು. ಅಜ್ಜಿ ಅವಳ ಕೈ ಹಿಡಿದು ಎಳೆದಳು. ರಟ್ಟಿನ ಕೊಳವೆಯೂ ಅದೇ ಒಲೆಯಲ್ಲಿ ಉರಿಯುತ್ತಿತ್ತು.

"ಐದು ತಿಂಗಳು ಬರೆದಿದ್ದೆ ಅಜ್ಜಿ!"

"ನಿಮ್ಮಪ್ಪನ್ನ ಎಳ್ಕೊಂಡು ಹೋದ್ರೆ ಎಷ್ಟು ತಿಂಗಳು ಅಂತ ಬರೀತೀಯ? ಯಾರಾದ್ರೂ ಕೇಳಿದ್ರೆ ಅವನು ನಮ್ಮನೇಲಿ ಉಳ್ಕೊಂಡಿಲ್ಲ ಅನ್ನು. ಹೇಳು, ಉಳ್ಕೊಂಡಿಲ್ಲ."

"ನೀನೇ ತಾನೇ ನೆಂಟ ಅಂದಿದ್ದು?"

ಸಪ್ಪಲಮ್ಮ ಮೊಮ್ಮಗಳ ಕೆನ್ನೆಗೆ ಹೊಡೆದಳು. ಹೊಡೆದ ಮೇಲೆ ತಾನೇ ಅತ್ತಳು. ಹೆದರಿದವರ ಕೈಗೆ ಹತ್ತಿರದಲ್ಲಿ ಸಿಗುವುದು ಮಕ್ಕಳೇ. ಆ ದಿನ ಪೂರ್ತಿ ಮನೆಯಲ್ಲಿ ಒಬ್ಬೊಬ್ಬರೂ ಅವಳಿಂದ ಆ ಪಾಠ ಒಪ್ಪಿಸಿಕೊಂಡರು. ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಅಜ್ಜಿ ಕೊಟ್ಟಿಗೆಯಲ್ಲಿ ಒಮ್ಮೆ, ಅಮ್ಮ ತಲೆ ಬಾಚುತ್ತಾ ಒಮ್ಮೆ.

ಗುರುವಾರ ಜೀಪು ಶಾಲೆಗೆ ಬಂತು. ಹಿಂದಿನ ಸೀಟಿನಲ್ಲಿ ಇಬ್ಬರು ಪೇದೆಗಳ ನಡುವೆ ಆನಂದ್ ಕೂತಿದ್ದ. ಗಡ್ಡ ಬೆಳೆದಿತ್ತು, ಶರ್ಟಿನ ತೋಳು ಹರಿದಿತ್ತು. ಹೆಡ್‌ಮಾಸ್ಟರು, "ಭಾನುವಾರ ಎಂಟು ಗಂಟೆಗೆ ಪಾಠ ಮಾಡಿದ್ದು ನಿಜ, ರಾತ್ರಿ ಎಲ್ಲಿದ್ರೋ ನನಗೆ ತಿಳಿಯದು" ಎಂದು ಕೈ ತೊಳೆದುಕೊಂಡರು. ಆಮೇಲೆ ಆಶಾರಾಣಿಯನ್ನು ಕರೆಸಿದರು.

"ಹೆದರ್ಕೋಬೇಡಮ್ಮ" ಎಂದ ಸಬ್‌ಇನ್ಸ್‌ಪೆಕ್ಟರು. "ಇವರು ನಿಮ್ಮ ಮನೇಲಿ ಉಳ್ಕೊಂಡಿದ್ರಾ?"

ಆಶಾರಾಣಿ ಜೀಪಿನ ಚಕ್ರವನ್ನೇ ನೋಡುತ್ತಿದ್ದಳು.

"ಇಲ್ಲ ಸಾರ್."

"ಜೋರಾಗಿ ಹೇಳು."

"ಇಲ್ಲ ಸಾರ್. ಉಳ್ಕೊಂಡಿಲ್ಲ."

ಸಬ್‌ಇನ್ಸ್‌ಪೆಕ್ಟರು ಆನಂದನ ಕಡೆ ತಿರುಗಿ, "ಏನಯ್ಯಾ, ಈಗೇನಂತೀಯ?" ಎಂದ. ಆನಂದ್ ಏನೂ ವಾದ ಮಾಡಲಿಲ್ಲ. "ಚಿಕ್ಕ ಹುಡುಗಿ ಸಾರ್. ಅವಳನ್ನ ಕ್ಲಾಸಿಗೆ ಕಳಿಸಿಬಿಡಿ" ಎಂದ, ಅಷ್ಟೆ. ಅದನ್ನು ಕೇಳಿ ಆಶಾರಾಣಿಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು.

ಅಂದಿನಿಂದ ಅವಳು ಸರಿಯಾಗಿ ಉಣ್ಣಲಿಲ್ಲ. ತಟ್ಟೆ ಮುಂದೆ ಕೂರುವಳು, ಎರಡು ತುತ್ತು ನುಂಗಿ ಏಳುವಳು. ಬಿಸಿಲು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಮನೆಯವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೀದಿಯಲ್ಲಿ ಮೋಟಾರ್ ಸೈಕಲ್ ಸದ್ದಾದರೆ ಗೋವಿಂದರಾಜು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಸಪ್ಪಲಮ್ಮ ಬಾಗಲೂರಿನಿಂದ ಬಂದ ಸ್ವಂತ ತಂಗಿಯನ್ನು, ತಮಿಳು ಮಾತಾಡಬೇಡ ಎಂದು ಬೈದು, ಕತ್ತಲಾಗುವ ಮೊದಲೇ ಬಸ್ಸು ಹತ್ತಿಸಿದಳು.

ಸೋಮವಾರ ಬೈರಣ್ಣ ಬಂದ. ಅವನು ಠಾಣೆಯ ಎದುರು ಟೀ ಅಂಗಡಿ ಇಟ್ಟುಕೊಂಡಿದ್ದ ಇದೇ ಊರಿನವನು. ಜಗಲಿಯಲ್ಲಿ ಕೂತು ದನಿ ತಗ್ಗಿಸಿ ಹೇಳಿದ.

"ಆ ಮೇಷ್ಟ್ರನ್ನ ಇನ್ನೂ ಬಿಟ್ಟಿಲ್ಲ ಕಣಪ್ಪ. ನೆನ್ನೆ ಟೀ ಕೊಡಕ್ಕೆ ಹೋಗಿದ್ದೆ. ಕಾಲು ಊರಕ್ಕೆ ಆಗ್ತಿಲ್ಲ. ನಾಳೆನೋ ನಾಳಿದ್ದೋ ಮದ್ರಾಸಿನ ಕಡೆ ಕಳಿಸ್ತಾರಂತೆ. ಅಲ್ಲಿಗೆ ಹೋದ್ರೆ ಮುಗೀತು. ಅವರಮ್ಮ ಗೇಟಿನ ಹತ್ರ ಕೂತವ್ಳೆ, ಮೂರು ದಿನದಿಂದ."

"ನಾವೇನು ಮಾಡಕ್ಕಾಗುತ್ತೆ?" ಎಂದ ಗೋವಿಂದರಾಜು.

ಬೈರಣ್ಣ ಎದ್ದುಹೋದ ಮೇಲೆ ಮುನಿರತ್ನಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು.

"ಏನೂ ಮಾಡಕ್ಕಾಗಲ್ವಾ? ಹೋಗಿ ನಿಜ ಹೇಳಕ್ಕಾಗಲ್ವಾ?"

"ನಿನಗೇನು ಗೊತ್ತಾಗುತ್ತೆ? ಸುಳ್ಳು ಹೇಳಿದ್ದಕ್ಕೆ ನನ್ನೂ ಒಳಗೆ ಹಾಕ್ತಾರೆ. ಕೆಲಸ ಹೋಗುತ್ತೆ."

"ಹೋಗ್ಲಿ. ಹೊಲ ಇದೆ, ಹಸು ಇದೆ, ನಾನು ಕೂಲಿಗೆ ಹೋಗ್ತೀನಿ. ಆಚೆ ಕೂತಿರೋಳು ನನ್ನಂಗೆ ಒಬ್ಬ ತಾಯಿ ಅಲ್ವಾ? ನಮ್ಮನೆ ಚಾಪೆ ಮೇಲೆ ಮಲಗಿದ್ದೋನ್ನ ಮಲಗಿರ್ಲಿಲ್ಲ ಅಂದ್ರೆ, ಅನ್ನ ಹೆಂಗ್ರೀ ಗಂಟಲಲ್ಲಿ ಇಳಿಯುತ್ತೆ? ನಮ್ಮ ಮಗೂಗೂ ಇಳೀತಿಲ್ಲ, ನೋಡಿ."

ಹದಿನಾರು ವರ್ಷದಲ್ಲಿ ಆಕೆ ಗಂಡನ ಎದುರು ಇಷ್ಟು ಮಾತಾಡಿದ್ದು ಇದೇ ಮೊದಲು. ಗೋವಿಂದರಾಜು ತಾಯಿಯ ಕಡೆ ನೋಡಿದ. ಸಪ್ಪಲಮ್ಮ ಸೊಸೆಯನ್ನು ಗದರಿಸಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಬೆಳಿಗ್ಗೆ ಅವನು ಕಾರ್ಖಾನೆಗೆ ಹೋಗುವ ಶರ್ಟು ಬಿಟ್ಟು ಬಿಳಿ ಶರ್ಟು ಹಾಕಿಕೊಂಡ. ಆಶಾರಾಣಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀನ್ಯಾಕಮ್ಮ?"

"ನಾನೂ ಸುಳ್ಳು ಹೇಳಿದೀನಿ."

ಠಾಣೆಯ ಗೇಟಿನ ಬಳಿ ಬೂದು ಸೀರೆಯ ಒಬ್ಬ ಹೆಂಗಸು ಮರದ ಬುಡದಲ್ಲಿ ಕೂತಿದ್ದಳು. ಅವಳನ್ನು ನೋಡದವನ ಹಾಗೆ ಗೋವಿಂದರಾಜು ಒಳಗೆ ಹೋದ. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕೊನೆಗೆ ಸಬ್‌ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಿದರು.

"ಅವರು ನಮ್ಮ ಮನೇಲೇ ಇದ್ರು ಸ್ವಾಮಿ. ಆ ಶನಿವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ. ಹೆಸರು ಬರ್ಕೊಟ್ಟಿರ್ಲಿಲ್ಲ, ಅದಕ್ಕೆ ಹೆದರ್ಕೊಂಡು ಇಲ್ಲ ಅಂದ್ಬಿಟ್ಟೆ."

"ಹೋದ ಮಂಗಳವಾರ ಒಂದು, ಈ ಮಂಗಳವಾರ ಇನ್ನೊಂದು. ಯಾವುದನ್ನ ನಂಬ್ಲಿ? ಎಷ್ಟು ಕೊಟ್ರು ಅವರ ಕಡೆಯೋರು?"

"ತಾಯಾಣೆ ಸ್ವಾಮಿ..."

"ಆ ಶನಿವಾರ ರಾತ್ರಿ ಏನು ಅಡಿಗೆ ನಿಮ್ಮ ಮನೇಲಿ?"

ಗೋವಿಂದರಾಜುವಿಗೆ ಏನೂ ನೆನಪಾಗಲಿಲ್ಲ. ಅವನ ಪಕ್ಕದಿಂದ ಆಶಾರಾಣಿ ಹೇಳಿದಳು.

"ಹುರುಳಿಕಾಳು ಬಸ್ಸಾರು ಸಾರ್, ಮುದ್ದೆ. ಆನಂದಣ್ಣನಿಗೆ ಮುದ್ದೆ ನುಂಗಕ್ಕೆ ಬರಲ್ಲ, ಅಗೀತಾರೆ. ಅಜ್ಜಿ ನಕ್ಕು ನಕ್ಕು ನೆತ್ತಿ ಹತ್ತಿಸ್ಕೊಂಡ್ರು. ಅಷ್ಟೊತ್ತಿಗೆ ಕರೆಂಟು ಹೋಯ್ತು. ಸೀಮೆಎಣ್ಣೆ ಬುಡ್ಡಿ ಹಚ್ಚಕ್ಕೆ ಹೋಗಿ ಆನಂದಣ್ಣ ಉಪ್ಪಿನಕಾಯಿ ಜಾಡಿ ಎಡವಿ ಬೀಳಿಸಿದ್ರು."

ಸಬ್‌ಇನ್ಸ್‌ಪೆಕ್ಟರು ಫೈಲು ತೆಗೆದು ಒಂದು ಹಾಳೆಯನ್ನು ಓದಿದ. ಇನ್ನೊಮ್ಮೆ ಓದಿದ. ಎಂಟು ದಿನದ ಹಿಂದೆ ಆನಂದ್ ಕೊಟ್ಟ ಹೇಳಿಕೆಯಲ್ಲಿ ಮುದ್ದೆಯೂ ಇತ್ತು, ಕರೆಂಟೂ ಇತ್ತು, ಜಾಡಿಯೂ ಇತ್ತು. ಅವನು ರೈಟರನ್ನು ಕರೆದು ಗೋವಿಂದರಾಜುವಿನಿಂದ ಎರಡು ಪುಟ ಬರೆಸಿಕೊಂಡ. ಹೆಸರು ಬರೆದುಕೊಡದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಕೇಸು ಹಾಕಬಹುದು, ಹಾಕದೆಯೂ ಇರಬಹುದು, ಮೇಲಿನವರನ್ನು ಕೇಳಿ ತಿಳಿಸುತ್ತೇನೆ, ಊರು ಬಿಟ್ಟು ಹೋಗಬೇಡ ಎಂದ. ಮಧ್ಯಾಹ್ನ ಎರಡರ ಹೊತ್ತಿಗೆ ಆನಂದನನ್ನು ಹೊರಗೆ ಬಿಟ್ಟರು.

ತಾಯಿ ಮಗನ ಮುಖವನ್ನು ಎರಡೂ ಕೈಯಿಂದ ಸವರಿದಳು. ಆಮೇಲೆ ಗೋವಿಂದರಾಜುವಿಗೆ ಕೈ ಮುಗಿದು ತಮಿಳಿನಲ್ಲಿ ಏನೋ ಹೇಳಿದಳು. ಅವನು ಸುತ್ತ ನೋಡಿ ಎರಡು ಹೆಜ್ಜೆ ದೂರ ಸರಿದ. ನಾಲ್ವರೂ ಬಸ್ ನಿಲ್ದಾಣಕ್ಕೆ ನಡೆದರು. ಆನಂದ್ ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದ.

"ಆನಂದಣ್ಣ, ಪುಸ್ತಕ ಸುಟ್ಟುಹೋಯ್ತು" ಎಂದಳು ಆಶಾರಾಣಿ.

"ಪರವಾಗಿಲ್ಲ. ಹೊಸ ಪುಸ್ತಕ ಶುರು ಮಾಡೋಣ. ಕಾಲು ಸರಿಹೋಗ್ಲಿ, ಎರಡು ವಾರ ಬಿಟ್ಟು..."

"ಸಾರ್" ಎಂದ ಗೋವಿಂದರಾಜು. "ತಪ್ಪು ತಿಳ್ಕೋಬೇಡಿ ಸಾರ್. ಇನ್ಮೇಲೆ ನಮ್ಮ ಊರಿಗೆ ಬರ್ಬೇಡಿ. ನನಗೆ ತುಂಬಾ ಹೆದ್ರಿಕೆ ಆಗುತ್ತೆ ಸಾರ್."

ಆನಂದ್, "ಆಗ್ಲಿ ಸಾರ್" ಎಂದ. ಕೆ.ಜಿ.ಎಫ್. ಬಸ್ಸು ಬಂತು. ತಾಯಿ ಅವನನ್ನು ಹಿಂದಿನಿಂದ ಹಿಡಿದು ಹತ್ತಿಸಿದಳು.

ಇವರು ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಸಪ್ಪಲಮ್ಮ ಬೀದಿ ಬಾಗಿಲಲ್ಲೇ ನಿಂತಿದ್ದಳು. ಮಗನನ್ನು ಮೇಲಿಂದ ಕೆಳಗೆ ನೋಡಿ, ಹಿಂದೆ ಇನ್ಯಾರಾದರೂ ಬರುತ್ತಿದ್ದಾರಾ ಎಂದು ಬೀದಿಯ ಕೊನೆಯವರೆಗೆ ಕಣ್ಣು ಹಾಯಿಸಿದಳು.

"ಬಿಟ್ರಾ?"

"ಬಿಟ್ರು."

"ಎಲ್ಲೋ ಮತ್ತೆ? ಕರ್ಕೊಂಡು ಬರ್ಲಿಲ್ವಾ? ಠಾಣೆಯಿಂದ ಬಿಟ್ಟೋನ್ನ ಹಸ್ಕೊಂಡೇ ಕಳ್ಸಿದ್ಯಾ?"

ಒಳಗೆ ಒಲೆಯ ಪಕ್ಕದಲ್ಲಿ ಐದು ತಟ್ಟೆ ಜೋಡಿಸಿತ್ತು. ಹಬ್ಬಕ್ಕೆಂದು ಇಟ್ಟಿದ್ದ ಅಕ್ಕಿ ತೆಗೆದು ಅನ್ನ ಮಾಡಿದ್ದಳು. ಮುನಿರತ್ನಮ್ಮ ಕೋಳಿ ಕುಯ್ದು ಸಾರು ಮಾಡಿದ್ದಳು. ಗೋವಿಂದರಾಜು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ.

"ಬಸ್ಸಿಗೆ ಹೊತ್ತಾಗಿತ್ತು ಕಣಮ್ಮ. ಅವರಮ್ಮನೂ ಜೊತೇಲಿದ್ರು" ಎಂದ.

"ಹೋಗ್ಲಿ ಬಿಡು. ಬರೋ ಶನಿವಾರ ಬರ್ತಾನಲ್ಲ. ಪುಸ್ತಕ ಸುಟ್ಟಿದ್ದು ನಾನೇ ಕಣಪ್ಪ, ನಿನ್ನ ಹೆಸರು ಹೇಳಕ್ಕೂ ಹೆದರ್ಕೊಂಡೆ ಅಂತ ಅವನಿಗೆ ನಾನೇ ಹೇಳ್ಬೇಕು. ಬೈದ್ರೆ ಬೈಲಿ." ಸಪ್ಪಲಮ್ಮ ಮಗನ ತಟ್ಟೆಗೆ ಅನ್ನ ಬಡಿಸಿದಳು. "ಶನಿವಾರ ಬರ್ತಾನೆ ತಾನೆ?"

"ಬರ್ತಾರೆ" ಎಂದ ಗೋವಿಂದರಾಜು, ತಲೆ ಎತ್ತದೆ.

ಆಶಾರಾಣಿ ಅಪ್ಪನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಶಾಲೆಯಲ್ಲಿ ಜೀಪಿನ ಮುಂದೆ ನಿಂತಾಗಲೂ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ಬರಲ್ಲ ಅಜ್ಜಿ" ಎಂದಳು. "ಬರ್ಬೇಡಿ ಅಂತ ಅಪ್ಪ ಹೇಳಿದ್ರು."

ಗೋವಿಂದರಾಜುವಿನ ಕೈ ಅನ್ನದಲ್ಲಿ ಹಾಗೇ ನಿಂತಿತು. ಸಪ್ಪಲಮ್ಮ ಐದನೆಯ ತಟ್ಟೆಯನ್ನು ಎತ್ತಲೂ ಇಲ್ಲ, ಬಡಿಸಲೂ ಇಲ್ಲ. ಸೌಟು ಹಿಡಿದುಕೊಂಡು ಅದರ ಮುಂದೆಯೇ ಕೂತಿದ್ದಳು.